ಗವಿಯ ಕರಡಿ, ಗುಡ್ಡದ ಕರಡಿ

ಮಳವಳ್ಳಿಯಿಂದ ಕನಕಪುರದ ಕಡೆಗೆ ಹೋಗುವ ರಸ್ತೆಯಲ್ಲಿ ಹಲಗೂರು ಸಿಗುತ್ತದೆ. ಅಲ್ಲಿಂದ ಮುತ್ತತ್ತಿಯ ದಾರಿ ಹಿಡಿದರೆ ಕಬ್ಬು, ಭತ್ತದ ಗದ್ದೆಗಳು ಹಿಂದೆ ಸರಿದು ಕುರುಚಲು ಕಾಡು, ಬಂಡೆಗುಡ್ಡಗಳು ಶುರುವಾಗುತ್ತವೆ. ಕೊನೆಗೆ ಕಾವೇರಿ ಕಾಣುತ್ತಾಳೆ. ಸೀತಾದೇವಿಯ ಮೂಗುತಿಯ ಮುತ್ತು ಇಲ್ಲಿ ಹೊಳೆಗೆ ಬಿದ್ದಾಗ ಆಂಜನೇಯ ಅದನ್ನು ಎತ್ತಿಕೊಟ್ಟ ಎಂಬ ಸ್ಥಳಪುರಾಣವಿದೆ. ಶನಿವಾರ, ಭಾನುವಾರಗಳಂದು ಭಕ್ತರು, ಪ್ರವಾಸಿಗರು ಕಿಕ್ಕಿರಿಯುವ ಈ ಊರು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದ ಸೆರಗಿನಲ್ಲಿದೆ. ಆನೆ, ನೀರುನಾಯಿ, ಬೂದು ಬಣ್ಣದ ದೊಡ್ಡ ಅಳಿಲು ಇಲ್ಲಿನ ಹೆಸರಾಂತ ನಿವಾಸಿಗಳು. ಹೆಚ್ಚು ಜನರ ಕಣ್ಣಿಗೆ ಬೀಳದ ಇನ್ನೊಂದು ಜೀವಿಯೂ ಈ ಬಂಡೆಗಳ ನಡುವೆ ಇದೆ. ಅದು ಕರಡಿ.

ಹಗಲೆಲ್ಲ ಬಂಡೆಯ ಬಿರುಕಿನಲ್ಲೋ ಗವಿಯಲ್ಲೋ ಮಲಗಿ, ಹೊತ್ತು ಮುಳುಗಿದ ಮೇಲೆ ಹೊರಬೀಳುವ ಪ್ರಾಣಿ ಇದು. ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುವ ತಾಯಿ ಕರಡಿಯ ಚಿತ್ರವನ್ನು ಪಠ್ಯಪುಸ್ತಕದಲ್ಲಿ ನೋಡಿರುವ ಮಕ್ಕಳು ಒಂದು ಪ್ರಶ್ನೆ ಕೇಳಬಹುದು. ಈ ಕರಡಿ ಎಷ್ಟು ಕಾಲದಿಂದ ಈ ನೆಲದಲ್ಲಿದೆ? ಮನುಷ್ಯ ಇಲ್ಲಿಗೆ ಬರುವ ಮೊದಲೂ ಇತ್ತೇ? ಉತ್ತರ ಹುಡುಕಬೇಕಾದರೆ ಮಂಡ್ಯದಿಂದ ಒಂದು ರಾತ್ರಿ ರೈಲಿನಲ್ಲಿ ಕಳೆಯಬೇಕು. ಬಳ್ಳಾರಿಯ ಒಂದು ವಸ್ತುಸಂಗ್ರಹಾಲಯ, ದರೋಜಿಯ ಬಂಡೆಗಳು ಮತ್ತು ಆಂಧ್ರದ ಗಡಿಯಾಚೆಗಿನ ಕೆಲವು ಸುಣ್ಣಕಲ್ಲಿನ ಗವಿಗಳು ಸೇರಿ ಆ ಉತ್ತರವನ್ನು ಹೇಳುತ್ತವೆ.

ಕಣ್ಮರೆಯಾದ ದೊಡ್ಡಣ್ಣ

ಹೊರಡುವ ಮೊದಲು ದೂರದ ಒಂದು ಊರಿನ ಸುದ್ದಿ ತಿಳಿದಿದ್ದರೆ ಒಳ್ಳೆಯದು. ಫ್ರಾನ್ಸ್ ದೇಶದ ಆಲ್ಪ್ಸ್ ಪ್ರದೇಶದಲ್ಲಿ ಶಾರ್ಟ್ರೂಸ್ ಎಂಬ ಬೆಟ್ಟಸಾಲು ಇದೆ. ಅಲ್ಲಿನ ಆಂಟ್ರಮಾಂಟ್ ಎಂಬ ಪುಟ್ಟ ಹಳ್ಳಿಯಲ್ಲಿ ಒಂದು ವಸ್ತುಸಂಗ್ರಹಾಲಯವಿದ್ದು, ಅದು ಇರುವುದೇ ಒಂದು ಕರಡಿಗಾಗಿ. 1988ರಲ್ಲಿ ಆ ಬೆಟ್ಟದ ಗವಿಯೊಂದನ್ನು ಹೊಕ್ಕವರಿಗೆ ಸಾವಿರಾರು ಮೂಳೆಗಳು ಸಿಕ್ಕಿದವು. ಎಲ್ಲವೂ ಭೂಮಿಯ ಮೇಲೆ ಈಗ ಇಲ್ಲದ ಗವಿಕರಡಿಯವು.

ಗವಿಕರಡಿಗೆ ವಿಜ್ಞಾನದಲ್ಲಿ ಉರ್ಸಸ್ ಸ್ಪೆಲಿಯಸ್ ಎಂದು ಹೆಸರು. ಜರ್ಮನಿಯ ಬವೇರಿಯಾದ ಗವಿಯಲ್ಲಿ ಸಿಕ್ಕ ತಲೆಬುರುಡೆಯನ್ನು ನೋಡಿ ರೋಸೆನ್‌ಮುಲ್ಲರ್ ಎಂಬ ವಿದ್ವಾಂಸ 1794ರಲ್ಲಿ ಈ ಹೆಸರಿಟ್ಟ. ಗಂಡು ಕರಡಿ 400-500 ಕಿಲೋ ತೂಗುತ್ತಿತ್ತು. ಗಾತ್ರ ನೋಡಿ ಹೆದರಬೇಕಾದ ಪ್ರಾಣಿಯಾದರೂ ಅದು ಹೆಚ್ಚಾಗಿ ತಿನ್ನುತ್ತಿದ್ದುದು ಸೊಪ್ಪುಸದೆ ಮಾತ್ರ. ಯೂರೋಪಿನ ಕಡು ಚಳಿಗಾಲದಲ್ಲಿ ತಿಂಗಳುಗಟ್ಟಲೆ ಗವಿಯಲ್ಲಿ ನಿದ್ದೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಮೈಗೆ ಸಾಕಷ್ಟು ಕೊಬ್ಬು ಕೂಡಿಸಿಕೊಳ್ಳಲಾಗದ ಮುದಿ ಕರಡಿ, ಎಳೆಯ ಕರಡಿಗಳು ಆ ನಿದ್ದೆಯಿಂದ ಏಳುತ್ತಲೇ ಇರಲಿಲ್ಲ. ವರ್ಷಕ್ಕೆ ಒಂದೆರಡು ಸತ್ತರೂ ಸಾವಿರಾರು ವರ್ಷಗಳಲ್ಲಿ ಗವಿ ತುಂಬ ಮೂಳೆಯಾಗುತ್ತದೆ. ಆಸ್ಟ್ರಿಯಾದ ಮಿಕ್ಸ್‌ನಿಟ್ಸ್ ಎಂಬಲ್ಲಿನ ಗವಿಯಲ್ಲಿ ಈ ಮೂಳೆಮಣ್ಣು ಎಷ್ಟಿತ್ತೆಂದರೆ, ಮೊದಲ ಮಹಾಯುದ್ಧದ ನಂತರ ಅದನ್ನು ಅಗೆದು ಹೊಲಗಳಿಗೆ ಗೊಬ್ಬರವಾಗಿ ಸಾಗಿಸಿದರು.

ಸುಮಾರು 24-25 ಸಾವಿರ ವರ್ಷಗಳ ಹಿಂದೆ ಗವಿಕರಡಿಯ ಸಂತತಿ ನಶಿಸಿತು. ಚಳಿ ಹೆಚ್ಚಿ ಮೇವು ಕಡಿಮೆಯಾದುದು ಒಂದು ಕಾರಣ. ಇರಲು ಬೇಕಾದ ಗವಿಗಳಿಗೆ ಮನುಷ್ಯನೂ ಬಂದು ಸೇರಿದ್ದು, ಬೇಟೆಯಾಡಿದ್ದು ಇನ್ನೊಂದು ಕಾರಣ ಎನ್ನುತ್ತಾರೆ ತಜ್ಞರು. ಆ ಹಳ್ಳಿಯ ಮಕ್ಕಳು ಇಂದು ತಮ್ಮ ಬೆಟ್ಟದ ಕರಡಿಯನ್ನು ನೋಡಬೇಕಾದರೆ ವಸ್ತುಸಂಗ್ರಹಾಲಯಕ್ಕೇ ಹೋಗಬೇಕು. ಮಳವಳ್ಳಿಯ ಮಕ್ಕಳ ಸ್ಥಿತಿ ಹಾಗಿಲ್ಲ. ಈ ವ್ಯತ್ಯಾಸ ಹೇಗೆ ಬಂತು ಎಂಬುದೇ ಪ್ರವಾಸದ ವಿಷಯ.

ಮದ್ದೂರಿನಿಂದ ಬಳ್ಳಾರಿಗೆ

ಮಳವಳ್ಳಿಗೆ ರೈಲಿಲ್ಲ. ಅಲ್ಲಿಯವರು ಬಸ್ಸು ಹಿಡಿದು ಮದ್ದೂರಿಗೋ ಮಂಡ್ಯಕ್ಕೋ ಬರಬೇಕು. ಮೈಸೂರಿನಿಂದ ಸಂಜೆ ಹೊರಡುವ ಹಂಪಿ ಎಕ್ಸ್‌ಪ್ರೆಸ್ ಬೆಂಗಳೂರು, ಗುಂತಕಲ್ಲು ಬಳಸಿಕೊಂಡು ಬೆಳಗಾಗುವ ಹೊತ್ತಿಗೆ ಬಳ್ಳಾರಿ ತಲುಪಿಸುತ್ತದೆ. ಮದ್ದೂರಿನ ವಡೆ ಕಟ್ಟಿಸಿಕೊಂಡರೆ ರಾತ್ರಿಯ ಊಟದ ಚಿಂತೆ ಅರ್ಧ ಕಳೆಯಿತು.

ಬಳ್ಳಾರಿಯೆಂದರೆ ಬಿಸಿಲು, ಕೋಟೆ, ಗಣಿ ಎಂದುಕೊಂಡವರಿಗೆ ಅಲ್ಲಿನ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯ ಅಚ್ಚರಿ ತರುತ್ತದೆ. ರಾಜರ ಕತ್ತಿ, ಕಿರೀಟಗಳು ಇಲ್ಲಿ ಮುಖ್ಯವಲ್ಲ. ಬರವಣಿಗೆ ಹುಟ್ಟುವ ಮೊದಲಿನ ಜನರ ಬದುಕೇ ಇಲ್ಲಿನ ವಿಷಯ. ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿ, ಅರೆಯುವ ಕಲ್ಲು, ಕೈಯಲ್ಲಿ ಮಾಡಿದ ಮಡಕೆಯ ಚೂರು ಇವನ್ನು ಹತ್ತಿರದಿಂದ ನೋಡಿದ ವಿದ್ಯಾರ್ಥಿಗೆ ‘ನವಶಿಲಾಯುಗ’ ಎಂಬ ಪರೀಕ್ಷೆಯ ಪದ ಕೈಗೆ ಸಿಕ್ಕುವ ವಸ್ತುವಾಗುತ್ತದೆ.

ವಸ್ತುಸಂಗ್ರಹಾಲಯಕ್ಕೆ ಹೆಸರು ಕೊಟ್ಟ ಫೂಟ್ 1834ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಸೇರಿದ. 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಆತನಿಗೆ ಒಂದು ಹಳೆಯ ಶಿಲಾಯುಗದ ಆಯುಧ ಸಿಕ್ಕಿತು. ಭಾರತದ ಪ್ರಾಗಿತಿಹಾಸದ ಅಧ್ಯಯನ ಆ ದಿನದಿಂದ ಆರಂಭವಾಯಿತೆಂದು ಎಣಿಸುತ್ತಾರೆ. ಕಲ್ಲಿದ್ದಲು, ಚಿನ್ನ, ಕಬ್ಬಿಣ ಹುಡುಕುವುದು ಆತನ ನೌಕರಿ. ಕುದುರೆಯ ಮೇಲೆ ತಿರುಗುತ್ತ ದಕ್ಷಿಣ ಭಾರತದ ನೂರಾರು ಕಡೆ ಆದಿಮಾನವನ ನೆಲೆಗಳನ್ನು ಗುರುತಿಸಿದ್ದು ಆ ನೌಕರಿಯ ಜೊತೆಜೊತೆಗೇ ನಡೆದ ಕೆಲಸ. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ಆರಂಭಿಸಿದಾಗ ಅದರ ಮೊದಲ ಮುಖ್ಯಸ್ಥನಾದವನೂ ಈತನೇ. ಮಳವಳ್ಳಿಗೆ ನೆರೆಯಾದ ತಿರುಮಕೂಡಲು ನರಸೀಪುರದ ನವಶಿಲಾಯುಗದ ನೆಲೆಯನ್ನು ಬಲ್ಲವನಾಗಿದ್ದ. ಅಲ್ಲಿ ಡಾ. ಎಂ. ಶೇಷಾದ್ರಿಯವರ ನೇತೃತ್ವದಲ್ಲಿ 1959ರ ನಂತರ ಉತ್ಖನನ ನಡೆದು, ಹೂಳಿಟ್ಟ ಮನುಷ್ಯರ ಅಸ್ಥಿಗಳು, ಮಡಕೆಗಳು, ಮಣ್ಣಿನ ತಲೆದಿಂಬು ಹೊರಬಂದವು.

ಬಳ್ಳಾರಿ ನಗರದ ಹೊರವಲಯದಲ್ಲೇ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳಿವೆ. ಸುಮಾರು 4 ಸಾವಿರ ವರ್ಷಗಳ ಹಿಂದೆ ಇಲ್ಲಿ ಕಲ್ಲಿನ ಕೊಡಲಿಗಳ ದೊಡ್ಡ ಕಾರ್ಖಾನೆಯೇ ಇತ್ತು. ಇಲ್ಲಿನ ಜನ ದನ ಸಾಕುತ್ತಿದ್ದರು, ಹುರುಳಿ, ಹೆಸರು ಬೆಳೆಯುತ್ತಿದ್ದರು. ಮಂಡ್ಯದ ಮನೆಗಳಲ್ಲಿ ಇಂದಿಗೂ ಮುದ್ದೆಯ ಜೊತೆ ಬಡಿಸುವ ಹುರುಳಿ ಸಾರಿನ ಮೂಲ ಇಷ್ಟು ಹಳೆಯದು. ಹಿರೇಗುಡ್ಡದ ಕಪ್ಪು ಬಂಡೆಗಳ ಮೇಲೆ ಡುಬ್ಬದ ಎತ್ತುಗಳ ಗೀರುಚಿತ್ರಗಳಿವೆ. ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ಢಣಢಣ ಎನ್ನುತ್ತವೆ. ಪೂರ್ವಿಕರೂ ಹಾಗೆ ಬಡಿದಿದ್ದರೆಂಬುದಕ್ಕೆ ಅದೇ ಬಂಡೆಗಳ ಮೇಲಿನ ಕುಳಿಗಳು ಸಾಕ್ಷಿ. ಜಲ್ಲಿಗಾಗಿ ಕಲ್ಲು ಒಡೆಯುವವರಿಂದ ಈ ಗುಡ್ಡಕ್ಕೆ ಹಾನಿಯಾಗಿರುವುದು ಮಾತ್ರ ಮನಸ್ಸಿಗೆ ನೋವು ತರುವ ಸಂಗತಿ.

ದರೋಜಿಯ ಸಂಜೆ

ಮಧ್ಯಾಹ್ನ ಬಳ್ಳಾರಿಯಿಂದ ಹೊಸಪೇಟೆಯ ಕಡೆಗೆ ಹೊರಟರೆ ಸಂಜೆಯೊಳಗೆ ದರೋಜಿ ಕರಡಿಧಾಮ ಸೇರಬಹುದು. 1994ರಲ್ಲಿ ಕರಡಿಗಳಿಗಾಗಿಯೇ ಮೀಸಲಿಟ್ಟ ಅರಣ್ಯ ಇದು. ಹಂಪಿಯಿಂದ ಸುಮಾರು 15 ಕಿ.ಮೀ. ಆರಂಭದಲ್ಲಿ 56 ಚದರ ಕಿ.ಮೀ.ಗಳಷ್ಟಿದ್ದ ಧಾಮ 2009ರಲ್ಲಿ 82 ಚದರ ಕಿ.ಮೀ.ಗೂ ಮೀರಿ ವಿಸ್ತಾರವಾಯಿತು. ಬಂಡೆಗಳ ಮೇಲೆ ಬೆಲ್ಲದ ಪಾಕ ಬಳಿದಿಡುತ್ತಾರೆ. ಬಿಸಿಲಿಳಿದಂತೆ ಎದುರಿನ ಗುಡ್ಡದಿಂದ ಒಂದೊಂದೇ ಕಪ್ಪು ಚುಕ್ಕೆ ಕೆಳಗಿಳಿಯುತ್ತದೆ. ವೀಕ್ಷಣಾ ಗೋಪುರದಲ್ಲಿ ಪಿಸುಮಾತೂ ನಿಲ್ಲುತ್ತದೆ.

ರಾಮಾಯಣದ ಕಿಷ್ಕಿಂಧೆ ಇದೇ ಆಸುಪಾಸಿನ ಆನೆಗೊಂದಿ, ಹಂಪಿಯ ಸೀಮೆ ಎಂಬುದು ನಂಬಿಕೆ. ವಾನರರ ಜೊತೆಗೆ ಜಾಂಬವಂತನೂ ಇದ್ದ ನಾಡಿನಲ್ಲಿ ಇಂದಿಗೂ ಕರಡಿಗಳಿರುವುದು ಕಾಕತಾಳೀಯವೇ ಇರಬಹುದು. ಆದರೆ ಕಥೆ ಕಟ್ಟಿದವರಿಗೆ ಕರಡಿಯ ಪರಿಚಯ ಚೆನ್ನಾಗಿತ್ತು. ಶ್ಯಮಂತಕ ಮಣಿಯ ಕಥೆಯಲ್ಲಿ ಕೃಷ್ಣ ಜಾಂಬವಂತನನ್ನು ಹುಡುಕಿ ಹೋಗುವುದು ಗವಿಗೇ ತಾನೆ!

ಕರಡಿಯ ದೇಹವೂ ಒಂದು ಪಾಠ. ಮೇಲ್ದವಡೆಯ ನಡುವಿನ ಎರಡು ಹಲ್ಲುಗಳು ಇದಕ್ಕಿಲ್ಲ. ಆ ಸಂದಿನಿಂದ ಗೆದ್ದಲನ್ನು ಸೊರ್ರೆಂದು ಹೀರುತ್ತದೆ. ಉದ್ದನೆಯ ಉಗುರು ಹುತ್ತ ಅಗೆಯಲು. ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಳ್ಳಬಲ್ಲದಾದ್ದರಿಂದ ಮಣ್ಣು, ಗೆದ್ದಲು ಒಳಹೋಗುವುದಿಲ್ಲ. ಈ ಉಗುರುಗಳನ್ನು ನೋಡಿಯೇ ಜಾರ್ಜ್ ಷಾ ಎಂಬ ಪ್ರಾಣಿವಿಜ್ಞಾನಿ 1791ರಲ್ಲಿ ಇದನ್ನು ಅಮೆರಿಕದ ಮರಗಳಲ್ಲಿ ತೂಗಾಡುವ ಸೋಮಾರಿ ಪ್ರಾಣಿ ‘ಸ್ಲಾತ್’ನ ಜಾತಿಗೆ ಸೇರಿಸಿಬಿಟ್ಟಿದ್ದ. ತಪ್ಪು ತಿಳಿದು ಸರಿಪಡಿಸಿದರೂ ಇಂಗ್ಲಿಷಿನಲ್ಲಿ ‘ಸ್ಲಾತ್ ಬೇರ್’ ಎಂಬ ಹೆಸರು ಉಳಿದುಹೋಯಿತು. ಗಂಡು 80ರಿಂದ 145 ಕಿಲೋ ತೂಗುತ್ತದೆ, ಯೂರೋಪಿನ ಗವಿಕರಡಿಯ ಸುಮಾರು ಕಾಲು ಭಾಗದಷ್ಟು. ಇಲ್ಲಿ ಹಿಮ ಬೀಳುವುದಿಲ್ಲ, ವರ್ಷವಿಡೀ ಏನಾದರೂ ತಿನ್ನಲು ಸಿಗುತ್ತದೆ. ನೇರಳೆ, ಬೋರೆ, ಅತ್ತಿ, ಕಕ್ಕೆಕಾಯಿ, ಜೇನು, ಏನೂ ಇಲ್ಲದಿದ್ದರೆ ಗೆದ್ದಲು. ಆದ್ದರಿಂದ ಚಳಿಗಾಲದ ದೀರ್ಘ ನಿದ್ದೆಯ ಗೊಡವೆ ಇದಕ್ಕಿಲ್ಲ. ಗವಿ ಇದಕ್ಕೆ ಹಗಲಿನ ತಂಪು, ಬಾಣಂತಿಕೋಣೆ.

ಬಿಲ್ಲಸುರ್ಗಂನ ಮೂಳೆಮನೆ

ಪ್ರವಾಸದ ಕೊನೆಯ ಘಟ್ಟ ಗಡಿಯಾಚೆಗಿದೆ. ಬಳ್ಳಾರಿಯಿಂದ ಗುಂತಕಲ್ಲಿಗೆ ಹಿಂದಿರುಗಿ ನಂದ್ಯಾಲದ ಕಡೆಯ ರೈಲು ಹತ್ತಿದರೆ ದಾರಿಯಲ್ಲಿ ಬೇತಂಚೆರ್ಲ ನಿಲ್ದಾಣ ಸಿಗುತ್ತದೆ. ಮನೆಯ ನೆಲಕ್ಕೆ ಹಾಸುವ ಚಪ್ಪಡಿಕಲ್ಲಿಗೆ ಪ್ರಸಿದ್ಧವಾದ ಊರು. ಮೊದಲು ಕರ್ನೂಲು ಜಿಲ್ಲೆಯಲ್ಲಿತ್ತು. 2022ರಿಂದ ನಂದ್ಯಾಲ ಜಿಲ್ಲೆಗೆ ಸೇರಿದೆ. ಈ ಊರಿನ ಸಮೀಪದ ಸುಣ್ಣಕಲ್ಲಿನ ಕಮರಿಯಲ್ಲಿರುವುದೇ ಬಿಲ್ಲಸುರ್ಗಂ ಗವಿಗಳು.

ಇಲ್ಲಿ ಮೂಳೆಗಳಿವೆಯೆಂದು 1844ರಲ್ಲಿಯೇ ಕ್ಯಾಪ್ಟನ್ ನ್ಯೂಬೋಲ್ಡ್ ಎಂಬ ಸೇನಾಧಿಕಾರಿ ಬರೆದಿದ್ದ. ಮುಂದೆ ನಾಲ್ಕು ದಶಕ ಯಾರೂ ಇತ್ತ ಸುಳಿಯಲಿಲ್ಲ. ಇಂಗ್ಲೆಂಡಿನ ಪ್ರಖ್ಯಾತ ವಿಜ್ಞಾನಿ ಥಾಮಸ್ ಹಕ್ಸ್‌ಲಿ ಮದರಾಸಿನ ಗವರ್ನರ್ ಗ್ರಾಂಟ್ ಡಫ್‌ಗೆ ಒತ್ತಾಯ ಮಾಡಿದ ಮೇಲೆ ಆ ಕೆಲಸ ಫೂಟ್‌ನ ಹೆಗಲಿಗೆ ಬಂತು. 1883ರಿಂದ 1885ರ ನಡುವೆ ಫೂಟ್ ಮತ್ತು ಸೇನೆಯಲ್ಲಿದ್ದ ಆತನ ಮಗ ಹೆನ್ರಿ ಇಬ್ಬರೂ ಇಲ್ಲಿ ಅಗೆಸಿದರು. ತಂದೆ ತೊಡಗಿದ ಕೆಲಸವನ್ನು ಮಗ ಪೂರೈಸಿದ. ಗವಿಗಳಿಗೆ ಅವರು ಇಟ್ಟ ಹೆಸರುಗಳೂ ಸ್ವಾರಸ್ಯಕರ. ಒಂದು ಕೆಥೀಡ್ರಲ್, ಅಂದರೆ ದೊಡ್ಡ ಚರ್ಚು. ಇನ್ನೊಂದು ಪರ್ಗೆಟರಿ, ಸತ್ತವರು ಪಾಪ ತೊಳೆದುಕೊಳ್ಳುವ ಲೋಕ. ಮತ್ತೊಂದು ಚಾರ್ನೆಲ್ ಹೌಸ್, ಅಂದರೆ ಮೂಳೆಮನೆ.

ಯೂರೋಪಿನ ಗವಿಗಳಲ್ಲಿ ಸಿಕ್ಕಂತೆ ಇಲ್ಲಿ ಒಂದೇ ಪ್ರಾಣಿಯ ರಾಶಿ ಸಿಗಲಿಲ್ಲ. ಸಿಕ್ಕಿದ್ದು ಇಡೀ ಕಾಡು. ರಿಚರ್ಡ್ ಲಿಡೆಕ್ಕರ್ ಎಂಬ ತಜ್ಞ 1886ರಲ್ಲಿ ಪಟ್ಟಿ ಮಾಡಿದಾಗ ಅದರಲ್ಲಿ ಹುಲಿ, ಚಿರತೆ, ಕಾಡುಬೆಕ್ಕು, ಮುಂಗುಸಿ, ಮುಸುವ, ಬಾವಲಿ, ಹಂದಿ ಇದ್ದವು. ದಕ್ಷಿಣದಲ್ಲಿ ಈಗಿಲ್ಲದ ಖಡ್ಗಮೃಗವಿತ್ತು. ಜೊತೆಗೆ ಕರಡಿಯೂ ಇತ್ತು. ಅದು ಬೇರೆ ಜಾತಿಯ ರಾಕ್ಷಸಗಾತ್ರದ ಕರಡಿಯಲ್ಲ. ದರೋಜಿಯಲ್ಲಿ ಬೆಲ್ಲ ನೆಕ್ಕುವ, ಮುತ್ತತ್ತಿಯ ಕಾಡಿನಲ್ಲಿ ಹುತ್ತ ಅಗೆಯುವ ಅದೇ ಜಾತಿಯದು.

ಇಷ್ಟೊಂದು ಪ್ರಾಣಿಗಳ ಮೂಳೆ ಗವಿಗೆ ಬಂದದ್ದು ಹೇಗೆ? ಗವಿಯಲ್ಲೇ ವಾಸವಿದ್ದು ಸತ್ತವು ಕೆಲವು. ಚಿರತೆ, ಕತ್ತೆಕಿರುಬಗಳು ಎಳೆದು ತಂದು ತಿಂದು ಬಿಟ್ಟವು ಕೆಲವು. ಗೂಬೆ ನುಂಗಿ ಉಗುಳಿದ ಇಲಿಮೂಳೆಗಳ ಉಂಡೆಗಳೂ ಇರುತ್ತವೆ. ಮುಳ್ಳುಹಂದಿ ಇನ್ನೂ ಕುಶಾಲಿನ ಪ್ರಾಣಿ. ಹಲ್ಲು ಮಸೆದುಕೊಳ್ಳಲು ಕಂಡಕಂಡ ಮೂಳೆಯನ್ನೆಲ್ಲ ಬಿಲಕ್ಕೆ ಹೊತ್ತು ತರುತ್ತದೆ. ಮೇಲಿನಿಂದ ಮಣ್ಣು ಸುರಿದು, ಸುಣ್ಣದ ನೀರು ಜಿನುಗಿ ಮೂಳೆಗಳು ಪದರಪದರವಾಗಿ ಉಳಿದುಕೊಳ್ಳುತ್ತವೆ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಈ ಸರಳ ತತ್ವವೇ ಗವಿಯನ್ನು ಒಂದು ಪುಸ್ತಕವನ್ನಾಗಿ ಮಾಡುತ್ತದೆ.

2 ಲಕ್ಷ ವರ್ಷಗಳ ಹಾಜರಿ ಪುಸ್ತಕ

ಫೂಟ್‌ನ ಕಾಲದಲ್ಲಿ ಆ ಪುಸ್ತಕದ ಪುಟಗಳಿಗೆ ತಾರೀಖು ಹಾಕುವ ವಿಧಾನ ಇರಲಿಲ್ಲ. ಈ ಶತಮಾನದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ರವಿ ಕೋರಿಶೆಟ್ಟರ್ ಮತ್ತು ವಿದೇಶಗಳ ವಿಜ್ಞಾನಿಗಳು ಸೇರಿ ಬಿಲ್ಲಸುರ್ಗಂನಲ್ಲಿ ಮತ್ತೆ ಉತ್ಖನನ ನಡೆಸಿದರು. ಸಂಗನಕಲ್ಲಿನ ಸಂಶೋಧನೆಯ ಮುಂಚೂಣಿಯಲ್ಲಿದ್ದವರೂ ಕೋರಿಶೆಟ್ಟರ್ ಅವರೇ. ಗವಿಯ ಪದರಗಳ ವಯಸ್ಸು ಅಳೆದಾಗ ಅವು ಸುಮಾರು 2 ಲಕ್ಷ ವರ್ಷಗಳ ಹಿಂದಕ್ಕೆ ಹೋದವು. 2014ರಲ್ಲಿ ಪ್ರಕಟವಾದ ಫಲಿತಾಂಶ ಜಗತ್ತಿನ ವಿಜ್ಞಾನಿಗಳ ಗಮನ ಸೆಳೆಯಿತು.

ಗುರುತಿಸಲಾದ 21 ಬಗೆಯ ಸ್ತನಿಗಳಲ್ಲಿ 20 ಬಗೆಯವು ಇಂದಿಗೂ ಜೀವಂತವಾಗಿವೆ ಎಂಬುದೇ ಆ ಫಲಿತಾಂಶ. ಅವು 1 ಲಕ್ಷ ವರ್ಷಕ್ಕೂ ಹೆಚ್ಚು ಕಾಲ ಭಾರತ ಉಪಖಂಡದಲ್ಲಿ ಉಳಿದುಬಂದಿವೆ. ಇಲ್ಲಿಂದ ಪೂರ್ತಿ ಮಾಯವಾದದ್ದು ಒಂದು ಬಗೆಯ ದೊಡ್ಡ ಕೋತಿ ಮಾತ್ರ. ಅದರ ನೆಂಟ ಗೆಲಾಡ ಈಗ ಇಥಿಯೋಪಿಯದ ಬೆಟ್ಟಗಳಲ್ಲಷ್ಟೇ ಇದೆ.

ಇದೇ ಅವಧಿಯಲ್ಲಿ ಯೂರೋಪು ಗವಿಕರಡಿಯನ್ನು, ಉಣ್ಣೆಯ ಖಡ್ಗಮೃಗವನ್ನು ಕಳೆದುಕೊಂಡಿತು. ಅಮೆರಿಕ ತನ್ನ ದೈತ್ಯ ಸ್ಲಾತ್‌ಗಳನ್ನು, ಆಸ್ಟ್ರೇಲಿಯ ತನ್ನ ದೈತ್ಯ ಕಾಂಗರೂಗಳನ್ನು ಕಳೆದುಕೊಂಡವು. ದಕ್ಷಿಣ ಭಾರತದಲ್ಲೂ ಹವಾಮಾನ ಏರುಪೇರಾಯಿತು, ಬರಗಳು ಬಂದವು, ಮನುಷ್ಯನೂ ಬಂದ. ಆದರೂ ಇಲ್ಲಿನ ಪ್ರಾಣಿಗಳು ಬಹುಪಾಲು ಪಾರಾದವು. ಇದಕ್ಕೆ ವಿಜ್ಞಾನಿಗಳು ಕೊಡುವ ಕಾರಣ ಮಕ್ಕಳಿಗೂ ಅರ್ಥವಾಗುವಂಥದು. ಇಲ್ಲಿ ಕಾಡು, ಹುಲ್ಲುಗಾವಲು, ಗುಡ್ಡ, ಹೊಳೆದಂಡೆ ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದು ಕಡೆ ಒಣಗಿದರೆ ಪ್ರಾಣಿಗಳು ಇನ್ನೊಂದು ಕಡೆಗೆ ನಡೆದು ಬದುಕಿಕೊಂಡವು.

ಸಂತೋಷದ ಈ ಮಾತಿನಲ್ಲೇ ಎಚ್ಚರಿಕೆಯೂ ಅಡಗಿದೆ. ಲಕ್ಷ ವರ್ಷ ಕಾಪಾಡಿದ್ದು ಆ ಅಂಟಿಕೊಂಡ ದಾರಿಗಳು. ಈಗ ಕಡಿದುಹೋಗುತ್ತಿರುವುದೂ ಅವೇ. ಕಾಡು ತುಂಡುತುಂಡಾದರೆ ಬರಗಾಲದಲ್ಲಿ ಕರಡಿ ನಡೆದು ಹೋಗಬೇಕಾದ ದಾರಿಯಲ್ಲಿ ಹೊಲ, ಹೆದ್ದಾರಿ, ಊರು ಎದುರಾಗುತ್ತವೆ. ಗುಡ್ಡವನ್ನು ಜಲ್ಲಿಗಾಗಿ ಒಡೆದರೆ ಹೋಗುವುದು ಬರೀ ಕಲ್ಲಲ್ಲ. ಹಗಲು ಅಡಗಲು ಗವಿ ಸಿಗದ ಕರಡಿ ಕಬ್ಬಿನ ಗದ್ದೆಗೆ ಬರುತ್ತದೆ, ಮುಂಜಾನೆ ಹೊಲಕ್ಕೆ ಹೊರಟ ರೈತನಿಗೆ ಎದುರಾಗುತ್ತದೆ. ಗಾಬರಿಯಾದ ಕರಡಿ ಮುಖಕ್ಕೇ ಕೈಹಾಕುತ್ತದೆ. ಅಂಥ ಗಾಯವಾದ ಕುಟುಂಬಕ್ಕೆ ಲಕ್ಷ ವರ್ಷಗಳ ಚರಿತ್ರೆ ಹೇಳಿ ಸಮಾಧಾನ ಮಾಡಲಾಗದು. ಗುಡ್ಡವನ್ನು ಗುಡ್ಡವಾಗಿ ಉಳಿಸುವುದು ಕರಡಿಗೆಷ್ಟೋ ರೈತನಿಗೂ ಅಷ್ಟೇ ಅಗತ್ಯ.

ಮನಸ್ಸು ಮಾಡಿದರೆ ಬದಲಾವಣೆ ಸಾಧ್ಯ ಎಂಬುದಕ್ಕೂ ಕರಡಿಯೇ ಉದಾಹರಣೆ. ಮೂಗಿಗೆ ಹಗ್ಗ ಪೋಣಿಸಿ ಬೀದಿಯಲ್ಲಿ ಕುಣಿಸುತ್ತಿದ್ದ ಕರಡಿಗಳನ್ನು ಇಂದಿನ ಪೋಷಕರು ತಮ್ಮ ಬಾಲ್ಯದಲ್ಲಿ ನೋಡಿರುತ್ತಾರೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೂ ಬಹುಕಾಲ ಅದು ನಡೆದೇ ಇತ್ತು. ಕರಡಿ ಆಡಿಸುವ ಕಲಂದರ್ ಕುಟುಂಬಗಳಿಗೆ ಬೇರೆ ಕಸುಬು ಕಲ್ಪಿಸಿ, ಕರಡಿಗಳನ್ನು ಬಿಡಿಸಿ ಬನ್ನೇರುಘಟ್ಟದಂಥ ಪುನರ್ವಸತಿ ಕೇಂದ್ರಗಳಿಗೆ ತಂದರು. 2009ರ ಹೊತ್ತಿಗೆ ಆ ಪದ್ಧತಿ ನಿಂತಿತು. ಕುಣಿಯುವ ಕರಡಿಯನ್ನು ನೋಡದೆ ಬೆಳೆದ ಮೊದಲ ತಲೆಮಾರು ಇಂದಿನ ವಿದ್ಯಾರ್ಥಿಗಳದು.

ಹೊರಡುವವರಿಗೆ

ಬಳ್ಳಾರಿ, ದರೋಜಿ ಎರಡನ್ನೂ ನೋಡಲು ಎರಡು ದಿನ ಸಾಕು. ಕರಡಿಧಾಮಕ್ಕೆ ಪ್ರವೇಶ ಮಧ್ಯಾಹ್ನದ ನಂತರ. ವಸ್ತುಸಂಗ್ರಹಾಲಯದ ರಜಾದಿನ, ರೈಲಿನ ವೇಳೆಗಳನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಬೇಸಿಗೆಯಲ್ಲಿ ಬಳ್ಳಾರಿಯ ಬಿಸಿಲು ಮಕ್ಕಳಿಗೆ ಕಷ್ಟ. ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ದುರ್ಬೀನು ಇದ್ದರೆ ತಪ್ಪದೆ ಒಯ್ಯಬೇಕು.

ಬಿಲ್ಲಸುರ್ಗಂನಲ್ಲಿ ಹೋಟೆಲು, ದೀಪ, ಮೆಟ್ಟಿಲುಗಳ ಅನುಕೂಲ ನಿರೀಕ್ಷಿಸಬಾರದು. ಸ್ಥಳೀಯರ ನೆರವಿಲ್ಲದೆ ಗವಿಯೊಳಗೆ ಹೋಗಕೂಡದು, ಮಣ್ಣು ಕೆದಕಕೂಡದು. ಪದರದಿಂದ ಕಿತ್ತ ಮೂಳೆ ಪುಸ್ತಕದಿಂದ ಹರಿದ ಹಾಳೆಯಿದ್ದಂತೆ. ಚಿಕ್ಕ ಮಕ್ಕಳಿದ್ದವರು ಅದೇ ಜಿಲ್ಲೆಯ ಬೇಲಂ ಗುಹೆಗಳಿಗೆ ಹೋಗಬಹುದು. 1884ರಲ್ಲಿ ಫೂಟ್ ದಾಖಲಿಸಿದ ಈ ಗುಹೆಗಳ ಒಟ್ಟು ಉದ್ದ 3,229 ಮೀಟರು. ಒಂದು ಭಾಗಕ್ಕೆ ದೀಪ, ಗಾಳಿಯ ವ್ಯವಸ್ಥೆ ಮಾಡಿ 2002ರಲ್ಲಿ ಪ್ರವಾಸಿಗರಿಗೆ ತೆರೆದಿದ್ದಾರೆ.

ಅಷ್ಟು ದೂರ ಹೋಗಲಾಗದವರು ಮನೆಯ ಹತ್ತಿರವೇ ಆರಂಭಿಸಬಹುದು. ಮುತ್ತತ್ತಿಗೆ ಹೋದಾಗ ನೀರಿನ ಸುಳಿಗಳಿಂದ ಮಕ್ಕಳನ್ನು ದೂರವಿಟ್ಟು, ಕತ್ತಲಾಗುವ ಮೊದಲೇ ಕಾಡಿನ ದಾರಿ ದಾಟಬೇಕು. ತೋಳಗಳಿಗಾಗಿ 1974ರಲ್ಲಿ ಘೋಷಿಸಿದ ಮೇಲುಕೋಟೆಯ ವನ್ಯಜೀವಿಧಾಮ ಮಂಡ್ಯ ಜಿಲ್ಲೆಯಲ್ಲೇ ಇದೆ. ಹೊಲ ಉಳುವಾಗ ನಯವಾದ ಕಲ್ಲಿನ ಕೊಡಲಿ ಸಿಕ್ಕರೆ ಅದು ಸಿಕ್ಕಿದ ಜಾಗವನ್ನು ಬರೆದಿಟ್ಟುಕೊಂಡು ಶಾಲೆಯ ಮೇಷ್ಟರಿಗೆ ತೋರಿಸಿ, ಪುರಾತತ್ವ ಇಲಾಖೆಗೆ ತಿಳಿಸಬೇಕು. ಕಾಡಂಚಿನ ಹಾದಿಯಲ್ಲಿ ಅಗೆದ ಹುತ್ತ ಕಂಡರೆ ಅಲ್ಲಿಂದ ಮುಂದೆ ಹೋಗದೆ ಹಿಂದಿರುಗುವುದು ಜಾಣತನ. ಹಿಂದಿನ ರಾತ್ರಿ ಅಲ್ಲಿಗೆ ಬಂದಿದ್ದು ಕರಡಿಯೇ ಇರಬಹುದು.